ಹಗೇವಿನ ಜೋಳ ಮೊಳೆಯುತ್ತದೆಯೇ?

ಆ ವರ್ಷ ನಮಗೆ ವಿಜ್ಞಾನದ ಪುಸ್ತಕ ಬರಲಿಲ್ಲ. ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷ ಕಳೆದಿತ್ತು. ಅಲ್ಲಿಯವರೆಗೆ ಉರ್ದುವಿನಲ್ಲಿ ಓದುತ್ತಿದ್ದ ನಾವು ಇನ್ನು ಮುಂದೆ ಕನ್ನಡದಲ್ಲಿ ಓದಬೇಕೆಂದು ಹೈದರಾಬಾದಿನಿಂದ ಆದೇಶ ಬಂದಿತ್ತು. ಆದೇಶ ಬೇಗ ಬಂತು, ಪುಸ್ತಕ ಬರಲಿಲ್ಲ. ಕಲಿಸುವವರ ಬಾಯಿಂದ ಕೇಳಿದ್ದನ್ನು ಬರೆದುಕೊಳ್ಳುವಾಗ 'ಉಷ್ಣ' ಎಂಬುದರ ಪಕ್ಕದಲ್ಲಿ 'ಹರಾರತ್' ಎಂದು ಗುರುತು ಹಾಕಿಕೊಳ್ಳುತ್ತಿದ್ದೆವು, ಇಲ್ಲದಿದ್ದರೆ ನಮಗೇ ಅರ್ಥವಾಗುತ್ತಿರಲಿಲ್ಲ.

ಕಲಬುರಗಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಧಾರವಾಡದಿಂದ ಬಂದವರು ಲಲಿತಾಬಾಯಿ. ಬಿಸಿಲಿರಲಿ ಮೋಡವಿರಲಿ, ಕೈಯಲ್ಲಿ ಒಂದು ಕರಿ ಛತ್ರಿ. ಮಾತಾಡುವಾಗ ಅದರ ತುದಿಯಿಂದ ನೆಲ ಕುಟ್ಟುವ ಅಭ್ಯಾಸ ಅವರಿಗೆ.

"ಪುಸ್ತಕ ಇಲ್ಲ ಅಂತ ಕೈಕಟ್ಟಿ ಕೂಡ್ತೀರೇನು?" ಎಂದರು ಒಂದು ದಿನ. "ಒಬ್ಬೊಬ್ಬಾಕಿ ಒಂದೊಂದು ಪ್ರಶ್ನೆ ಹುಡುಕ್ರಿ. ಪ್ರಶ್ನೆ ನಿಮ್ಮದೇ ಇರಬೇಕು. ಉತ್ತರ ಯಾವ ಪುಸ್ತಕದಾಗೂ ಸಿಗಬಾರದು, ನಿಮ್ಮ ಕಣ್ಣಿಗೆ ಕೈಗೆ ಸಿಗಬೇಕು. ಮತ್ತ ಪರೀಕ್ಷಾದ ಒಳಗ ಮುಗಿಯುವಷ್ಟು ಸಣ್ಣದಿರಬೇಕು."

ಒಬ್ಬ ಹುಡುಗಿ ಎದ್ದು, ದೇವರು ಎಲ್ಲಿದ್ದಾನೆಂದು ಹುಡುಕುತ್ತೇನೆ ಎಂದಳು.

"ಅಂವ ಮಾರ್ಚ್ ಒಳಗ ಸಿಗೂದಿಲ್ಲ. ಕೂಡು."

ಜಾಹೇದಾ ಕಾಯಿಸಿದ ಹಾಲು ಯಾವ ಪಾತ್ರೆಯಲ್ಲಿ ಬೇಗ ಕೆಡುತ್ತದೆ ಎಂಬುದನ್ನು ಆರಿಸಿಕೊಂಡಳು. ನಾನು ನಮ್ಮ ಮನೆಯಿದ್ದ ಬ್ರಹ್ಮಪುರ ಬಡಾವಣೆಯ ಬಾವಿಗಳ ನೀರು ವಾರವಾರ ಎಷ್ಟು ಇಳಿಯುತ್ತದೆಂದು ಹಗ್ಗ ಇಳಿಬಿಟ್ಟು ಅಳೆಯುವುದನ್ನು ಆರಿಸಿದೆ. ಅದರಲ್ಲಿ ಜಾಣತನ ಏನೂ ಇರಲಿಲ್ಲ. ಕೆಲಸ ಮಾತ್ರ ಇತ್ತು.

ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಮಾಳಮ್ಮ. ಈ ಬರಹ ಅವಳನ್ನು ಕುರಿತದ್ದು. ಕಮಲಾಪುರದ ಒಕ್ಕಲುತನದ ಮನೆಯ ಹುಡುಗಿ, ಎತ್ತರದವಳು, ಅಗಲ ಪಾದದವಳು, ಬೆಂಚಿನಲ್ಲಿ ಕೂತರೆ ಮೊಣಕಾಲು ಹಲಗೆಗೆ ತಾಗುತ್ತಿತ್ತು. ಬ್ರಹ್ಮಪುರದಲ್ಲಿ ಸೋದರಮಾವ ಮಾಣಿಕಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ. ಆದರೆ ಹೇಳಿದ್ದನ್ನು ಒಪ್ಪುವ ಮೊದಲು ತಿರುವಿ ಮುರುವಿ ನೋಡುವ ಬುದ್ಧಿ ಅವಳಿಗೆ ಹುಟ್ಟಿನಿಂದ ಇತ್ತು. ಅಂಥ ಬುದ್ಧಿಯನ್ನು ಆಮೇಲೆ ವಿಶ್ವವಿದ್ಯಾಲಯಗಳಲ್ಲಿಯೂ ನಾನು ಹೆಚ್ಚಾಗಿ ಕಂಡಿಲ್ಲ.

ಅವಳು ಮೊದಲು ಕೇಳಿದ್ದು, ತಮ್ಮೂರಿನ ಬಾಳೆಹಣ್ಣು ಯಾಕೆ ಕೆಂಪಗಿರುತ್ತದೆ ಎಂದು. ಲಲಿತಾಬಾಯಿ ಯೋಚಿಸಿ, "ಪ್ರಶ್ನೆ ಛಲೋ ಅದ. ಅದಕ್ಕ ಬೇಕಾದ ಸಾಮಾನು ನನ್ನ ಹತ್ರ ಇಲ್ಲ, ನಿನ್ನ ಹತ್ರನೂ ಇಲ್ಲ," ಎಂದರು. ಎರಡನೆಯದು, ಮಳೆ ಬರುವುದು ಇರುವೆಗೆ ಹೇಗೆ ತಿಳಿಯುತ್ತದೆ ಎಂಬುದು. "ಇರುವಿ ಹೇಳಬೇಕಲ್ಲ?" ಎಂದರು. ವಾರ ಬಿಟ್ಟು ಮಾಳಮ್ಮ ಮೂರನೆಯದನ್ನು ತಂದಳು.

"ನಮ್ಮನಿ ಹಗೇವು ಗಡಬಡದ ವರ್ಷ ಮುಚ್ಚಿದ್ದರಿ ಬಾಯಾರ. ಇನ್ನಾ ತೆಗೆದಿಲ್ರಿ. ಒಳಗಿನ ಜೋಳ ಜೀವಂತ ಅದನೋ ಸತ್ತದನೋ ನೋಡಬೇಕಂತ ಮಾಡೀನ್ರಿ."

ಗಡಬಡವೆಂದರೆ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗಲಭೆ, ಜನ ಊರು ಬಿಟ್ಟ ವರ್ಷ. ಹುಡುಗಿಯರು ನಕ್ಕರು. "ಜೋಳಕ್ಕೂ ಜೀವ ಇರ್ತದೇನ?" ಎಂದಳೊಬ್ಬಳು.

"ಇರದಿದ್ರ ಬಿತ್ತಿದ್ದು ಹೆಂಗ ಹುಟ್ಟತದ?" ಎಂದರು ಲಲಿತಾಬಾಯಿ. ಛತ್ರಿ ನೆಲ ಕುಟ್ಟಿತು. "ಇದು ಪ್ರಶ್ನೆ. ಇದಕ್ಕ ಉತ್ತರ ನನಗೂ ಗೊತ್ತಿಲ್ಲ."

ಹಗೇವನ್ನು ಇಂದಿನ ಮಕ್ಕಳು ಕಂಡಿರಲಿಕ್ಕಿಲ್ಲ. ಗಟ್ಟಿ ಗರಸು ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು; ಒಳಗೆ ಹೋದಂತೆ ಅಗಲ. ಸುತ್ತ ಕಣಿಕೆ, ಹುಲ್ಲು ಹಾಸಿ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸಗಣಿ ಸಾರಿಸಿದರೆ ಅಂಗಳ ಅಂಗಳದಂತೆಯೇ ಕಾಣುತ್ತಿತ್ತು. ಹಗೇವು ತುಂಬಿದೆ ಎಂದರೆ ಆ ಮನೆಗೆ ಹೆಣ್ಣು ಕೊಡುತ್ತಿದ್ದರು, ಆ ಮನೆಯಿಂದ ಹೆಣ್ಣು ತರುತ್ತಿದ್ದರು.

ಮಾಳಮ್ಮನ ಯೋಜನೆ ಒಂದೂವರೆ ಪುಟದಲ್ಲಿತ್ತು. ಮೊದಲು ಅಂಗಳದಲ್ಲಿ ಹಗೇವಿನ ಬಾಯಿ ಎಲ್ಲಿದೆ ಎಂದು ಗುರುತಿಸುವುದು. ಹಗೇವು ತೆಗೆದ ಮೇಲೆ ಒಂದು ದಿನ ಹಾಗೇ ಬಿಡುವುದು. ಕೆಟ್ಟ ಗಾಳಿ ಇದೆಯೋ ಎಂದು ದೀಪ ಇಳಿಬಿಟ್ಟು ನೋಡುವುದು. ಮೇಲಿನ ಜೋಳ, ನಡುವಿನ ಜೋಳ, ತಳದ ಜೋಳ ಬೇರೆ ಬೇರೆ ತೆಗೆಯುವುದು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವುದು. ಕೊನೆಗೆ ಒಂದು ಮಾತು ಸೇರಿಸಿದ್ದಳು: ಪಕ್ಕದಲ್ಲಿಯೇ ಇನ್ನೊಂದು ಒದ್ದೆ ಬಟ್ಟೆಯಲ್ಲಿ ಈ ವರ್ಷದ ಹೊಸ ಜೋಳ ಕಟ್ಟಬೇಕು, ಇಲ್ಲದಿದ್ದರೆ ಮೊಳೆಯದಿರುವುದು ಜೋಳದ ತಪ್ಪೋ ಬಟ್ಟೆಯ ತಪ್ಪೋ ತಿಳಿಯುವುದಿಲ್ಲ.

"ಇದನ್ನ ನಿನಗ ಯಾರು ಹೇಳಿಕೊಟ್ರು?" ಎಂದು ಲಲಿತಾಬಾಯಿ ಕೇಳಿದರು.

"ಯಾರೂ ಇಲ್ರಿ. ಹಂಗ ಮಾಡದಿದ್ರ ಹೆಂಗ ತಿಳೀತದರಿ?"

ಅವರು ಸಹಿ ಹಾಕಿದರು. ಸಹಿಯಾದ ಯೋಜನೆಯನ್ನು ಬದಲಿಸುವಂತಿಲ್ಲ ಎಂಬುದು ಅವರ ಕಟ್ಟಳೆ. ಇಲ್ಲದಿದ್ದರೆ ನಾವು ಕಷ್ಟ ಕಂಡಾಗಲೆಲ್ಲ ಹೊಸ ಪ್ರಶ್ನೆ ಹುಡುಕುತ್ತೇವೆಂದು ಅವರಿಗೆ ಗೊತ್ತಿತ್ತು.

ಮಾಳಮ್ಮನಿಗೆ ಇದು ಬರೀ ಶಾಲೆಯ ಕೆಲಸವಾಗಿರಲಿಲ್ಲ. ಹೈದರಾಬಾದಿನ ಶಿಕ್ಷಕಿಯರ ತರಬೇತಿಗೆ ನಮ್ಮ ಶಾಲೆಯಿಂದ ಒಬ್ಬ ಹುಡುಗಿಯನ್ನು ಕಳಿಸುವುದಿತ್ತು. ಇರಲು ಹಾಸ್ಟೆಲು, ಊಟ, ಎಲ್ಲ ಸರ್ಕಾರದ್ದು. ವರ್ಷದ ಕೊನೆಗೆ ಇನ್ಸ್‌ಪೆಕ್ಟ್ರೆಸ್ ಬಂದು ನಮ್ಮ ಶೋಧಗಳನ್ನು ನೋಡಿ ಹುಡುಗಿಯನ್ನು ಆರಿಸುವವರಿದ್ದರು. ಮಾಳಮ್ಮನ ಅಪ್ಪ ಚಂದ್ರಶಾ, ಮೆಟ್ರಿಕ್ ಮುಗಿದರೆ ಓದು ಸಾಕು, ಊರಿಗೆ ಬರಲಿ ಎಂದಿದ್ದ. ಮಾಣಿಕಪ್ಪ ಬಹಳ ಹೇಳಿದ ಮೇಲೆ, "ಸರಕಾರ ಅನ್ನ ಹಾಕಿ ಕಲಸ್ತದಂದ್ರ ಹೋಗ್ಲಿ. ನನ್ನ ಕಡಿಂದ ಆಗೂದಿಲ್ಲ," ಎಂದಿದ್ದ. ಆ ಒಂದು ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ಕಮಲಾಪುರ. ಅವಳಿಗಿಂತ ಒಳ್ಳೆಯ ಪ್ರಶ್ನೆ ನಮ್ಮಲ್ಲಿ ಯಾರದೂ ಇರಲಿಲ್ಲವಾದ್ದರಿಂದ, ಜಾಗ ಅವಳದೇ ಎಂದು ನಾವೆಲ್ಲ ತಿಳಿದಿದ್ದೆವು. ನಾನೂ ತಿಳಿದಿದ್ದೆ.

ದಸರೆಯ ರಜೆಗೆ ಊರಿಗೆ ಹೋದವಳು ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಚಂದ್ರಶಾ ಒಪ್ಪಿರಲಿಲ್ಲ.

ಅವನು ಕೊಟ್ಟ ಕಾರಣವನ್ನು ತಳ್ಳಿಹಾಕುವಂತಿರಲಿಲ್ಲ. ಅವು ಲೆವ್ಹಿಯ ವರ್ಷಗಳು. ಬೆಳೆದ ಜೋಳದಲ್ಲಿ ಇಷ್ಟು ಭಾಗವೆಂದು ಸರ್ಕಾರ ರೈತರಿಂದ ಕಡ್ಡಾಯವಾಗಿ ವಸೂಲಿ ಮಾಡುತ್ತಿತ್ತು. ಲೆವ್ಹಿಯವರು ಅಂಗಳಕ್ಕೆ ಬಂದಾಗ ಚಂದ್ರಶಾ, "ಹಗೇವು ಖಾಲಿ ಅದರಿ ಸಾಹೇಬ್ರ, ಕಾಳಿಲ್ಲ," ಎಂದು ಕೈಮುಗಿದಿದ್ದ. ಊರವರಿಗೆ ಮಾತ್ರ ತುಂಬಿದೆ ಎಂದು ಹೇಳಿದ್ದ. ಸರ್ಕಾರದ ಕಣ್ಣಿಗೆ ಮಣ್ಣು ಹಾಕಿದವನೆಂದು ಕಮಲಾಪುರದಲ್ಲಿ ಅವನಿಗೆ ಹೆಸರು ಬಂದಿತ್ತು.

"ಸರಕಾರಿ ಬಾಯಿ ಕಾಗದದಾಗ ಬರದ್ಲಂದ್ರ ಲೆವ್ಹಿಯವ್ರು ನಾಳಿಗೇ ಬಾಗಲಾಗ ನಿಂದಿರ್ತಾರ," ಎಂದ ಮಗಳಿಗೆ. "ನಿನ್ನ ಸಾಲಿ ಸಲುವಾಗಿ ನಾ ಜೇಲಿಗಿ ಹೋಗ್ಲೇನು?"

ಮಾಳಮ್ಮ ಇದಕ್ಕೂ ಉಪಾಯ ಮಾಡಿದಳು. ಯೋಜನೆಯಲ್ಲಿ ಮನೆಯವರ ಹೆಸರಿಲ್ಲ, ಊರಿನ ಹೆಸರಿಲ್ಲ. 'ಒಂದು ಹಳ್ಳಿಯ ಒಂದು ಹಗೇವು' ಎಂದಷ್ಟೇ ಇರುತ್ತದೆ ಎಂದು ಲಲಿತಾಬಾಯಿಯ ಒಪ್ಪಿಗೆ ಪಡೆದು, ದೀಪಾವಳಿಗೆ ಹೋಗಿ ಅಪ್ಪನ ಮುಂದೆ ಓದಿದಳು. ಅವನು ಕೇಳಿಸಿಕೊಂಡು ಎತ್ತಿಗೆ ನೀರು ಕುಡಿಸಲು ಎದ್ದುಹೋದ. ಬೇರೆಯವರ ಹಗೇವಾದರೂ ಆದೀತೆಂದು ಓಣಿಯಲ್ಲಿ ಕೇಳಿಕೊಂಡು ಬಂದಳು. ಭೀಮಶಾನ ಮನೆಯಲ್ಲಿ, ಈ ವರ್ಷ ತೆಗೆಯುವ ವಿಚಾರವಿಲ್ಲ ಎಂದರು. ಪೀರಪ್ಪ, "ಹಗೇವು ಹೆಣ್ಣುಮಕ್ಕಳ ಆಟದ ಸಾಮಾನೇನ ತಂಗಿ?" ಎಂದ. ಎಲ್ಲರಿಗೂ ಲೆವ್ಹಿಯ ಹೆದರಿಕೆ ಎಂದು ಅವಳು ತಿಳಿದಳು.

ಸಂಕ್ರಾಂತಿಗೆ ಹೋದಾಗ ಅವಳು ಬೇರೆ ಏನೂ ಮಾಡಲು ತೋಚದೆ, ಯೋಜನೆಯ ಮೊದಲ ಕೆಲಸವನ್ನಾದರೂ ಮುಗಿಸಬೇಕೆಂದು ಹೊರಟಳು. ಹಗೇವಿನ ಬಾಯಿ ಅಂಗಳದಲ್ಲಿ ಸರಿಯಾಗಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗುರುತಿಸುವುದು. ಅಪ್ಪ ಹೊಲಕ್ಕೆ ಹೋಗಿದ್ದ. ಒನಕೆ ತೆಗೆದುಕೊಂಡು ಗೋಡೆಯ ಕಡೆಯಿಂದ ನೆಲ ಕುಟ್ಟುತ್ತ ಬಂದಳು. ಆ ಜಾಗದಲ್ಲಿ ಖಾರ ಕುಟ್ಟುವುದು, ಕಟ್ಟಿಗೆ ಒಡೆಯುವುದು ಆ ಮನೆಯಲ್ಲಿ ನಿಷಿದ್ಧ. ಕೆಳಗೆ ಲಕ್ಷ್ಮಿ ಕೂತಿದ್ದಾಳೆ ಎಂದು ಅವ್ವ ಹೇಳುತ್ತಿದ್ದಳು. ಗೋಡೆಯ ಹತ್ತಿರ ಸದ್ದು ಮಂದವಾಗಿತ್ತು. ಅಂಗಳದ ನಡುವೆ ಬಂದಾಗ ನೆಲ ಡೋಲಿನಂತೆ ಗುಂಯ್ ಎಂದಿತು.

ಅವಳು ಮತ್ತೊಮ್ಮೆ ಕುಟ್ಟಿದಳು. ಅವ್ವ ಮಹಾದೇವಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಒನಕೆ ಕಸಿದುಕೊಂಡಳು.

"ಏನ್ ಮಾಡ್ಲಾಕತ್ತಿ?"

"ಬಾಯಿ ಎಲ್ಲಿ ಅದ ನೋಡ್ಲಾಕತ್ತೀನಿ ಅವ್ವಾ. ಒಳಗ ಪೊಳ್ಳ ಸಪ್ಪಳ ಬರ್ಲಾಕತ್ತದ."

"ದನಿ ಸಣ್ಣ ಮಾಡು. ಒಳಗ ನಡಿ."

ಒಲೆಯ ಮುಂದೆ ಕೂಡಿಸಿಕೊಂಡು ಮಹಾದೇವಮ್ಮ ಎಲ್ಲ ಹೇಳಿದಳು. ಗಡಬಡದ ವರ್ಷ ಮಾಳಮ್ಮ ಸಣ್ಣವಳೆಂದು ಅವಳನ್ನು ಮೊದಲೇ ಮಾವನ ಮನೆಗೆ ಕಳಿಸಿದ್ದರು; ಅವಳಿಗೆ ಏನೂ ಗೊತ್ತಿರಲಿಲ್ಲ. ಉಳಿದವರು ಊರು ಬಿಟ್ಟು ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋದಾಗ ಹಗೇವಿನ ಜೋಳವನ್ನೂ ಬಂಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಅಲ್ಲಿನ ಶಿಬಿರದಲ್ಲಿ ಮನೆಯವರಷ್ಟೇ ಇರಲಿಲ್ಲ.

"ಹಸದವ್ರ ಮುಂದ ಚೀಲದ ಬಾಯಿ ಕಟ್ಟಿ ಕೂಡ್ಲಾಕ ಬರ್ತದೇನ? ನಾನೇ ರೊಟ್ಟಿ ಬಡದು ಬಡದು ಹಾಕ್ದೆ. ಹೊಳ್ಳಿ ಬರೂದ್ರೊಳಗ ಒಂದು ಕಾಳು ಉಳೀಲಿಲ್ಲ." ಊರಿಗೆ ಮರಳಿದ ಮೇಲೆ ಚಂದ್ರಶಾ ಖಾಲಿ ಹಗೇವಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದ. ತಾನು ಮುಚ್ಚಿಟ್ಟು ಹೋದದ್ದು ಹಾಗೇ ಇದೆ ಎಂದು ಊರಿಗೆ ಹೇಳಿದ್ದ. "ಭಾಗಪ್ಪ ಬೀಗ್ರು ನಮ್ಮ ಗುಂಡಮ್ಮನ್ನ ತಗೋತೀವಿ ಅಂದದ್ದು ಯಾಕ ಅಂತೀ? ಈ ಮನಿ ಉಳಕೊಂಡದ, ಹಗೇವು ಹಂಗೇ ಅದ ಅಂತ."

ಗುಂಡಮ್ಮ ಮಾಳಮ್ಮನ ಅಕ್ಕ. ಅವಳ ನಿಶ್ಚಯ ಆಗಿತ್ತು.

"ಮತ್ತ ನನ್ನ ಪ್ರಶ್ನಿ ಅವ್ವಾ?"

"ನಿನ್ನ ಪ್ರಶ್ನಿ ನನಗ ತಿಳೀದಿಲ್ಲ ಯವ್ವಾ. ನಿಮ್ಮಕ್ಕನ ಲಗ್ನ ತಿಳೀತದ."

ಹೀಗೆ ಚಂದ್ರಶಾ ಲೆವ್ಹಿಯವರಿಗೆ ಹೇಳಿದ್ದೇ ನಿಜ. ಅದನ್ನು ಒಬ್ಬರೂ ನಂಬಿರಲಿಲ್ಲ.

ಕಲಬುರಗಿಗೆ ಬಂದು ಮಾಳಮ್ಮ ಲಲಿತಾಬಾಯಿಯ ಮುಂದೆ ನಿಂತಳು. ಪ್ರಶ್ನೆ ಬದಲಿಸಿಕೊಡಿರಿ ಎಂದಳು.

"ಸಹಿ ಆಗೇದ. ಯಾಕ ಬದಲಿಸಬೇಕು?"

"ಅಪ್ಪ ಒಪ್ಪವಲ್ಲರಿ."

"ಒಪ್ಪದಿದ್ರ ಒಪ್ಪಿಸಬೇಕು. ಅದೂ ಯೋಜನಾದೊಳಗ ಬರ್ತದ. ನಾನೇ ಬಂದು ಮಾತಾಡ್ತೀನಿ."

"ಬ್ಯಾಡ್ರಿ ಬಾಯಾರ."

"ಯಾಕ ಬ್ಯಾಡ?"

ಮಾಳಮ್ಮ ಕೈಮುಗಿದು ಹೊರಗೆ ಬಂದಳು. ಬ್ರಹ್ಮಪುರಕ್ಕೆ ನಡೆದು ಬರುವಾಗ ನನಗೆ ಎಲ್ಲ ಹೇಳಿದಳು. ಬಾಯಿ ಬಿಟ್ಟರೆ ಅಕ್ಕನ ಮದುವೆ ಮುರಿಯುತ್ತದೆ ಎಂದಳು. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಹಗೇವಿನಲ್ಲಿ ಜೋಳ ಹುಟ್ಟುತ್ತಿರಲಿಲ್ಲ.

ಮರುವಾರದ ಭಾನುವಾರ ಲಲಿತಾಬಾಯಿ ಹೊರಟೇಬಿಟ್ಟರು. ಒಬ್ಬರೇ ಹೋಗುವುದು ಸರಿಯಲ್ಲವೆಂದು ಮಾಳಮ್ಮನ ಜೊತೆಗೆ ನನ್ನನ್ನೂ ಕರೆದುಕೊಂಡರು. ಹುಮನಾಬಾದಿನ ಮೋಟಾರು ಹಿಡಿದು ಕಮಲಾಪುರದಲ್ಲಿ ಇಳಿದೆವು. ದಾರಿಯುದ್ದಕ್ಕೂ ಅವರು ಚಂದ್ರಶಾನನ್ನು ಹೇಗೆ ಒಪ್ಪಿಸಬೇಕೆಂದು ಮಾಳಮ್ಮನಿಗೆ ವಿವರಿಸಿದರು. ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಮನೆಯಲ್ಲಿ ಭಾಗಪ್ಪ ಬೀಗರು ಕಟ್ಟೆಯ ಮೇಲೆ ಕೂತಿದ್ದರು. ಮದುವೆಯ ತಿಥಿ ಮಾತಾಡಲು ಬಂದವರು, ಬಿಳಿ ಮೀಸೆಯ, ದೊಡ್ಡ ರುಮಾಲಿನ ಮುದುಕರು. ಅವರಿರುವ ದಿನವೇ ನಾವು ಹೋದೆವು. ಚಂದ್ರಶಾನ ಮುಖದ ಬಣ್ಣ ಇಳಿಯಿತು. ಮಹಾದೇವಮ್ಮ ಚಹಾ ತಂದಳು, ತಾಟಿನಲ್ಲಿ ಕೆಂಪು ಬಾಳೆಹಣ್ಣು ಇಟ್ಟಳು.

"ಹಗೇವು ಎಲ್ಲಿ ಅದ?" ಎಂದರು ಲಲಿತಾಬಾಯಿ, ಚಹಾ ಮುಗಿಸಿ.

ಮಾಳಮ್ಮ ಕೈಮಾಡಿ ತೋರಿಸಬೇಕಾಯಿತು. ಅವರು ಎದ್ದು ಅಂಗಳದ ನಡುವೆ ಹೋಗಿ ನಿಂತರು. ಮಣ್ಣು ಎಷ್ಟು ಚೆನ್ನಾಗಿ ಮೆತ್ತಿದ್ದಾರೆ, ಗಾಳಿ ಒಳಗೆ ಹೋಗಲು ಸಂದಿಯೇ ಇಲ್ಲ, ಅದರಿಂದಲೇ ಕಾಳು ಕೆಡುವುದಿಲ್ಲ ಎಂದು ನನಗೆ ಪಾಠ ಹೇಳಲು ಶುರುಮಾಡಿದರು. ಹೇಳುತ್ತ ಛತ್ರಿಯ ತುದಿಯಿಂದ ನೆಲ ಕುಟ್ಟಿದರು.

ನೆಲ ಗುಂಯ್ ಎಂದಿತು.

ಪಟ್ಟಣದಲ್ಲಿ ಹುಟ್ಟಿದ ಅವರಿಗೆ ಅದು ಬರೀ ಸದ್ದು. ಮಾತು ಮುಂದುವರಿಸಿ ಇನ್ನೊಮ್ಮೆ ಕುಟ್ಟಿದರು. ಕಟ್ಟೆಯ ಮೇಲೆ ಭಾಗಪ್ಪ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಚಂದ್ರಶಾನನ್ನು ನೋಡಿದರು. ಚಂದ್ರಶಾ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ. ಬಾಗಿಲ ಮರೆಯಲ್ಲಿ ಗುಂಡಮ್ಮನ ಬಳೆಯ ಸದ್ದು ನಿಂತಿತು.

ಭಾಗಪ್ಪ ಗಂಟಲು ಕಿತ್ತುಹೋಗುವಂತೆ ಕೆಮ್ಮಿದರು.

"ಬಾಯಾರ, ಬಿಸಲಾಗ ಯಾಕ ನಿಂತೀರಿ? ಇತ್ತ ನೆಳ್ಳಿಗಿ ಬರ್ರಿ. ಅಲ್ಲಿ ಲಕ್ಷ್ಮಿ ಇದ್ದಾಳ, ಛತ್ರಿಲೆ ತಿವಿಬಾರ್ದು."

ಲಲಿತಾಬಾಯಿ ನಕ್ಕು ನೆರಳಿಗೆ ಬಂದರು. ಕೂತವರೇ ಚಂದ್ರಶಾನನ್ನು ಹಿಡಿದುಕೊಂಡರು. ಹೆಸರು ಬರೆಯುವುದಿಲ್ಲ, ಊರು ಬರೆಯುವುದಿಲ್ಲ, ಮೂರು ಮುಷ್ಟಿ ಜೋಳ ಸಾಕು, ನಿಮ್ಮ ಮಗಳ ಬಾಳು ಇದರ ಮೇಲಿದೆ ಎಂದರು. ಒಂದೊಂದು ಮಾತೂ ನ್ಯಾಯವಾಗಿತ್ತು. ಚಂದ್ರಶಾನಿಗೆ ಹಿಂದೆ ಸರಿಯಲು ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಲಗ್ನಕ್ಕ ತೆಗಿತೀವ್ರಿ," ಎಂದುಬಿಟ್ಟ.

"ಹೌದ್ರಿ," ಎಂದರು ಭಾಗಪ್ಪ ಕೂಡಲೇ. "ಹಗೇವು ಅಂದ್ರ ಮುಹೂರ್ತ ನೋಡಿ ತೆಗೀಬೇಕು. ನಮ್ಮ ಸೊಸಿ ಲಗ್ನಕ್ಕ ತೆಗೀತಾರ. ಆವಾಗ ಕಾಳು ಕಳಸ್ತಾರ ತಗೋರಿ."

ಲಲಿತಾಬಾಯಿಗೆ ಗೆದ್ದ ಸಂತೋಷ. ಮೋಟಾರಿನ ಹೊತ್ತಾಯಿತೆಂದು ಎದ್ದರು. ನಾನೂ ಮಾಳಮ್ಮನೂ ಹಿಂದೆ ನಡೆದೆವು. ಭಾಗಪ್ಪ ಬಾಗಿಲವರೆಗೆ ಬಂದು, ಮಾಳಮ್ಮನಿಗೆ ಮೆಲ್ಲಗೆ ಹೇಳಿದರು:

"ಹೆದರಬ್ಯಾಡ ತಂಗಿ. ನಮ್ಮ ಹಗೇವಿನ ಮ್ಯಾಲೂ ನಾವು ಯಾರಿಗೂ ಕುಟ್ಟಗೊಡಂಗಿಲ್ಲ."

ಅವಳು ಓಣಿಯುದ್ದಕ್ಕೂ ನಿಂತು ನಿಂತು ನೋಡಿದಳು. ಭೀಮಶಾನ ಅಂಗಳ, ಪೀರಪ್ಪನ ಅಂಗಳ, ಎಲ್ಲವೂ ನುಣ್ಣಗೆ ಸಾರಿಸಿದ್ದವು.

ಮದುವೆ ಮಾಘದಲ್ಲಿ ಆಯಿತು. ಆಡಿದ ಮಾತಿನಂತೆ ಚಂದ್ರಶಾ ಹಗೇವಿನಿಂದ ಜೋಳ ತೆಗೆಯಲೇಬೇಕಾಯಿತು. ಮಾಣಿಕಪ್ಪನ ಕೈಯಿಂದ ಕಲಬುರಗಿಯಲ್ಲಿ ಹೊಸ ಜೋಳ ಕೊಳ್ಳಿಸಿ, ಬಂಡಿಯಲ್ಲಿ ಮೇವಿನ ಕೆಳಗೆ ಇಟ್ಟು ತರಿಸಿದರು. ಮಹಾದೇವಮ್ಮನ ಕೈಯಲ್ಲಿದ್ದ ಬಂಗಾರದ ಪಾಟ್ಲಿ ಆಮೇಲೆ ಕಾಣಲಿಲ್ಲ. ಮನೆಯವರೇ ಸೇರಿ ಕಲ್ಲು ಸರಿಸಿದರು. ಪದ್ಧತಿಯಂತೆ ದೀಪ ಇಳಿಬಿಟ್ಟರು. ಅದು ದೇವರ ಮನೆಯಲ್ಲಿ ಉರಿದಂತೆ ಉರಿಯಿತು ಎಂದು ಮಾಳಮ್ಮ ನನಗೆ ಹೇಳಿದಳು. ಊರವರು ಬರುವ ಹೊತ್ತಿಗೆ ಹಗೇವಿನ ಬಾಯಿಯ ಪಕ್ಕದಲ್ಲಿ ಜೋಳದ ರಾಶಿ ಇತ್ತು.

ನಾನೂ ಆ ಮದುವೆಗೆ ಹೋಗಿದ್ದೆ. ಜನ ಮುಷ್ಟಿಯಲ್ಲಿ ಜೋಳ ಹಿಡಿದು ಹಿಡಿದು ನೋಡಿದರು. ಹಗೇವಿನ ಕಾಳಿಗೆ ಒಂದು ಮುಗ್ಗಲು ವಾಸನೆ ಇರುತ್ತದೆ. ತಿಂದವರಿಗೆ ಅದು ಗೊತ್ತು.

"ವಾಸನಿನೇ ಇಲ್ಲಲ್ಲೋ!" ಎಂದ ಒಬ್ಬ ಹುಡುಗ.

"ಗರಸು ನೆಲದ ಹಗೇವು. ವಾಸನಿ ಎಲ್ಲಿಂದ ಬರಬೇಕು?" ಎಂದ ಪೀರಪ್ಪ.

"ಮಲ್ಲಿಗಿ ಹಂಗ ಅದ," ಎಂದ ಭೀಮಶಾ.

ಭಾಗಪ್ಪ ರಾಶಿಯ ಮುಂದೆ ಕೂತು, "ತಂಗಿ, ನಿಮ್ಮ ಬಾಯಾರಿಗಿ ಹೇಳು, ಹಗೇವಿನ ಜೋಳಕ್ಕ ಏನೂ ಆಗಿಲ್ಲಂತ," ಎಂದರು. ಎಲ್ಲರೂ ಮಾಳಮ್ಮನ ಕಡೆ ನೋಡಿದರು. ಸಾಲಿ ಕಲಿತವಳು ಹೌದೆಂದರೆ ಅದು ಹೌದು. "ಹೌದ್ರಿ ಮಾವಾ," ಎಂದಳು.

ಲಲಿತಾಬಾಯಿ ಜೋಳ ತರಲು ಒಂದು ಬಟ್ಟೆಯ ಚೀಲ ಕೊಟ್ಟು ಕಳಿಸಿದ್ದರು. ಮಾಳಮ್ಮ ತಂದಳು. ಮದುವೆಯ ಗದ್ದಲದಲ್ಲಿ ಮೇಲಿನದು, ತಳದ್ದು ಎಂದು ಬೇರೆ ಮಾಡಲಾಗಲಿಲ್ಲ ಎಂದಳು. ಅವರು ಹುಬ್ಬು ಗಂಟಿಕ್ಕಿದರೂ, ಇರಲಿ ಎಂದರು. ತರಗತಿಯ ಕಿಟಕಿಯಲ್ಲಿ ಎರಡು ಒದ್ದೆ ಬಟ್ಟೆಯ ಗಂಟು ಇಟ್ಟರು: ಒಂದರಲ್ಲಿ ಚಂದ್ರಶಾನ ಹಗೇವಿನ ಜೋಳ, ಇನ್ನೊಂದರಲ್ಲಿ ಈ ವರ್ಷದ ಹೊಸ ಜೋಳ. ಗಂಟು ಬಿಚ್ಚಿದ ದಿನ ಎರಡರಲ್ಲೂ ಮೊಳಕೆ ಬಂದಿತ್ತು. ಒಂದೇ ಉದ್ದ, ಒಂದೇ ಬಿಳುಪು.

"ನಾಲ್ಕು ವರ್ಷ ಮಣ್ಣಾಗಿದ್ದ ಕಾಳು!" ಎಂದರು ಲಲಿತಾಬಾಯಿ. ಅವರು ಅಷ್ಟು ಹಿಗ್ಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ. "ಬರಿ ಮಾಳಮ್ಮ. ಇವತ್ತೇ ಬರಿ. ಇನ್ಸ್‌ಪೆಕ್ಟ್ರೆಸ್ ಬಂದ ಕೂಡಲೇ ಮೊದಲು ನಿನ್ನದೇ ತೋರಿಸ್ತೀನಿ."

ಅಂದು ಮಾಳಮ್ಮ ಬರೆಯಲಿಲ್ಲ. ಮರುದಿನವೂ ಬರೆಯಲಿಲ್ಲ. ಮನೆಗೆ ಬರುವಾಗ ನಾನು, ಬರೆದುಬಿಡು, ಯಾರ ಗಂಟೂ ಹೋಗುವುದಿಲ್ಲ ಎಂದೆ.

"ಏನಂತ ಬರೀಲಿ?" ಎಂದಳು. "ಎರಡೂ ಒಂದೇ ಜೋಳ."

"ಅದು ನಿನಗ ಗೊತ್ತು, ನನಗ ಗೊತ್ತು."

"ಅದಕ್ಕೇ."

ಸುಳ್ಳು ಬರೆದರೆ ಹೈದರಾಬಾದು. ನಿಜ ಬರೆದರೆ ಅಕ್ಕ ಗಂಡನ ಮನೆಯಲ್ಲಿ, ಅಪ್ಪ ಊರಿನಲ್ಲಿ ತಲೆ ಎತ್ತುವಂತಿಲ್ಲ. ಭಾಗಪ್ಪ ಒಬ್ಬರು ಮುಚ್ಚಿಕೊಂಡರೂ ಊರು ಮುಚ್ಚಿಕೊಳ್ಳುವುದಿಲ್ಲ. ಮೂರನೆಯದೊಂದು ದಾರಿ ಇದೆಯೇ ಎಂದು ಅವಳು ಆ ವಾರವೆಲ್ಲ ಹುಡುಕಿದಳು. ನಾನೂ ಹುಡುಕಿದೆ. ಇರಲಿಲ್ಲ.

ಇನ್ಸ್‌ಪೆಕ್ಟ್ರೆಸ್ ಬಂದರು. ಮಾಳಮ್ಮನ ಯೋಜನೆಯನ್ನು ಎರಡು ಸಲ ಓದಿದರು. ಹೊಸ ಜೋಳವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕೆಂಬ ಮಾತಿನ ಕೆಳಗೆ ಗೆರೆ ಎಳೆದರು. ಆಮೇಲೆ ಹಾಳೆ ತಿರುಗಿಸಿದರು. ಖಾಲಿ ಇತ್ತು.

"ಫಲಿತಾಂಶ ಎಲ್ಲಿ?"

ಮಾಳಮ್ಮ ಎದ್ದು ನಿಂತಳು. "ಎರಡೂ ಜೋಳ ಕಲೆತು ಹೋದವ್ರಿ. ಯಾವುದು ಯಾವುದಂತ ಹೇಳ್ಲಾಕ ಬರೂದಿಲ್ರಿ."

ಲಲಿತಾಬಾಯಿ ಕುರ್ಚಿಯಿಂದ ಎದ್ದರು. "ಕಲೆತು ಹೋದವು? ನನ್ನ ಕಣ್ಣ ಮುಂದ ಬ್ಯಾರೆ ಬ್ಯಾರೆ ಗಂಟು ಕಟ್ಟಿದ್ದಿ!"

"ಕಲೆತಾವ್ರಿ ಬಾಯಾರ."

"ಇಷ್ಟು ಛಂದ ಯೋಜನಾ ಮಾಡಿದಾಕಿ ಇಷ್ಟು ಹೊಣೆಗೇಡಿ ಅಂತ ನನಗ ಗೊತ್ತಿರಲಿಲ್ಲ," ಎಂದರು. ಛತ್ರಿ ಗೋಡೆಗೆ ಒರಗಿತ್ತು. ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಇನ್ಸ್‌ಪೆಕ್ಟ್ರೆಸ್ ಮುಂದಿನ ಹುಡುಗಿಯ ಹೆಸರು ಕರೆದರು.

ಜಾಗ ನನಗೆ ಸಿಕ್ಕಿತು. ಬಾವಿಗಳ ನೀರಿನ ಲೆಕ್ಕ ಸರಿಯಾಗಿತ್ತು.

ಲಲಿತಾಬಾಯಿ ನಿವೃತ್ತಿಯಾಗಿ ಧಾರವಾಡಕ್ಕೆ ಮರಳುವವರೆಗೂ ಹೊಸ ಹುಡುಗಿಯರಿಗೆ ಆ ಯೋಜನೆಯ ಮಾತು ಹೇಳುತ್ತಿದ್ದರಂತೆ, ಒಳ್ಳೆಯ ಪ್ರಶ್ನೆಯನ್ನು ಅಜಾಗರೂಕತೆಯಿಂದ ಹಾಳುಮಾಡಿದ್ದಕ್ಕೆ ಉದಾಹರಣೆಯಾಗಿ. ಮಾಳಮ್ಮನನ್ನು ಮರುವರ್ಷ ಭೀಮಶಾನ ಮಗನಿಗೆ ಕೊಟ್ಟರು. ಅದೇ ಓಣಿಯಲ್ಲಿ, ತವರಿನಿಂದ ನಾಲ್ಕು ಮನೆಯಾಚೆ ಅವಳ ಬದುಕು ಕಳೆಯಿತು. ಗಂಡ ಕೆಟ್ಟವನಲ್ಲ. ಮಕ್ಕಳನ್ನು ಓದಿಸಿದಳು. ಓಣಿಯವರ ಪತ್ರ ಓದುವುದು, ಅರ್ಜಿ ಬರೆಯುವುದು ಅವಳ ಪಾಲಿಗೆ ಬಂತು. ಅತ್ತೆಯ ಮನೆಯ ಹಗೇವಿನ ಮೇಲೆ ಖಾರ ಕುಟ್ಟಬಾರದೆಂದು ಮೊದಲ ದಿನವೇ ಹೇಳಿದರಂತೆ. "ಗೊತ್ತದರಿ," ಎಂದಳಂತೆ.

ನಾನು ಸಸ್ಯಶಾಸ್ತ್ರ ಓದಿದೆ, ಕಲಿಸಿದೆ, ನಿವೃತ್ತಳಾದೆ. ಕೊನೆಯ ಸಲ ಅವಳನ್ನು ನೋಡಲು ಹೋದಾಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ತವರಿನ ಅಂಗಳದ ಹಗೇವನ್ನು ಅಣ್ಣನ ಮಕ್ಕಳು ಕಲ್ಲುಮಣ್ಣು ತುಂಬಿ ಮುಚ್ಚಿ ಮೇಲೆ ಕೋಣೆ ಕಟ್ಟಿದ್ದರು. ಈಗ ಕಮಲಾಪುರದಲ್ಲಿ ಹಗೇವು ತುಂಬುವವರು ಯಾರೂ ಇಲ್ಲ.

ಚಹಾ ಕುಡಿಯುವಾಗ ಕೇಳಿದಳು: "ನೀ ಇಷ್ಟು ಓದೀದಿ. ಖರೇನ ಜೋಳ ಇದ್ದಿತ್ತಂದ್ರ ಮೊಳೀತಿತ್ತೇನ?"

ನನ್ನ ಬಳಿ ಹೇಳಲು ಏನೇನೋ ಇತ್ತು. ಗಾಳಿ, ತೇವ, ಉಷ್ಣ.

"ತೆಗೆದು ನೋಡದ ಹೇಳ್ಲಾಕ ಬರೂದಿಲ್ಲ," ಎಂದೆ.

"ಹೌದು," ಎಂದಳು. ಚಹಾದ ಕಪ್ಪು-ಬಸಿ ತೆಗೆದುಕೊಂಡು ಗೋಡೆ ಹಿಡಿದು ಒಳಗೆ ಹೋದಳು.